ಉಸಿರು ಕೇಳುವ ದುರ್ಗಪ್ಪ

ಹಂದಿಗೆ ಜಡ್ಡು ಬಂದಿದೆಯೋ ಇಲ್ಲವೋ ಎಂಬುದನ್ನು ದುರ್ಗಪ್ಪ ಕಿವಿಯಿಂದ ಹೇಳುತ್ತಿದ್ದ. ಮಣ್ಣಿನಲ್ಲಿ ಮೊಣಕಾಲೂರಿ, ಅದರ ಪಕ್ಕೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಕೂರುವನು. "ಇದರ ಎದಿ ಗೊರಗೊರ ಅಂತೈತ್ರಿ. ನಾಳಿ ಏನೂ ತಿನ್ನಂಗಿಲ್ಲ ನೋಡ್ರಿ" ಅಂದನೆಂದರೆ, ಮರುದಿನ ಅದು ತೌಡನ್ನು ಮೂಸಿ ಸಹ ನೋಡುತ್ತಿರಲಿಲ್ಲ.

ಗಂಗಾವತಿಯ ಅಕ್ಕಿ ಗಿರಣಿಗಳ ಹಿಂದೆ, ಕಾಲುವೆ ದಂಡೆಯಲ್ಲಿ ಅವನ ಮನೆ. ಬೆಳಿಗ್ಗೆ ಸೈಕಲ್ಲಿಗೆ ಎರಡು ಡಬ್ಬಿ ಕಟ್ಟಿಕೊಂಡು, ಹಂದಿಗಳಿಗೆ ಮುಸುರೆ ಒಯ್ಯಲು ನಮ್ಮ ಓಣಿಗೆ ಬರುತ್ತಿದ್ದ. ನಾನು ಆಸ್ಪತ್ರೆಯ ಲ್ಯಾಬಿನವಳು ಎಂದು ತಿಳಿದ ಮೇಲೆ ಸಲಿಗೆ ಹೆಚ್ಚಾಯಿತು. "ನೀವು ಕಣ್ಲೆ ನೋಡಿ ಜಡ್ಡು ಹೇಳ್ತೀರಿ, ನಾ ಕಿವೀಲೆ. ಇಬ್ರದೂ ಒಂದ ಕಸಬು, ಅಕ್ಕಾರ" ಎನ್ನುವನು. ನನಗೆ ಮೈ ಉರಿಯುತ್ತಿತ್ತು. ಡಿಪ್ಲೊಮಾ ಮಾಡಿದವಳೆಂಬ ಕೊಬ್ಬು, ಇನ್ನೇನು.

ಹಂದಿ ಕೊಯ್ಯುವಾಗ ಬೆರಳಿಗೆ ಚೂರಿ ತಾಗಿದರೆ ಅರಿಶಿಣ ಒತ್ತಿ ಕೆಲಸ ಮುಂದುವರಿಸುತ್ತಿದ್ದ. ಹೆಂಡತಿ ಯಲ್ಲವ್ವನದೂ ಅದೇ ರೀತಿ. ಕೈಗವಸು ಹಾಕಿಕೊಳ್ಳಬಾರದೇ ಎಂದು ಒಮ್ಮೆ ಕೇಳಿದ್ದೆ. "ಹಂದಿ ರಕ್ತ ನಮಗ ಹೊಸಾದೇನ್ರಿ?" ಎಂದು ನಕ್ಕ. 

ಒಂದು ಬೇಸಿಗೆಯಲ್ಲಿ ಅವನನ್ನು ಆಟೋದಲ್ಲಿ ಹೊತ್ತು ತಂದರು. ಮೈ ಕೆಂಡ, ಕುತ್ತಿಗೆ ಸೆಟೆದಿತ್ತು, ಪ್ರಜ್ಞೆ ಇರಲಿಲ್ಲ. ಡಾಕ್ಟರು ಮಿದುಳು ಜ್ವರವೆಂದು ಶಂಕಿಸಿ ಬೆನ್ನಿನ ನೀರು ತೆಗೆದು ನನ್ನ ಬಳಿ ಕಳಿಸಿದರು. ರೋಗಾಣು ಬೆಳೆಯಲೆಂದು ಅದನ್ನು ಸವರಿಟ್ಟ ಪ್ಲೇಟಿನ ಮೇಲೆ ಮರುದಿನ ಸಾಸಿವೆಗಿಂತ ಸಣ್ಣ ಬೂದು ಚುಕ್ಕೆಗಳು ಎದ್ದಿದ್ದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಣಿಸರದಂಥ ಸಾಲು. ಅಂಥವು ಎಲ್ಲರ ಬಾಯಲ್ಲೂ ಇರುತ್ತವೆ. ಯಾರದೋ ಉಸಿರಿನಿಂದ ಬಿದ್ದಿರಬೇಕು ಎಂದುಕೊಂಡೆ. ಹೊರಗಿನ ಕಲಬೆರಕೆ ಎಂದು ಬರೆದು ಪ್ಲೇಟನ್ನು ಕಸದ ಡ್ರಮ್ಮಿಗೆ ಒಗೆದೆ. ಅವನು ಹಂದಿಯವನೆಂಬುದು ಆಸ್ಪತ್ರೆಯಲ್ಲಿ ನನ್ನಷ್ಟು ಯಾರಿಗೂ ಗೊತ್ತಿರಲಿಲ್ಲ, ಆದರೂ ನನಗೆ ಹೊಳೆಯಲಿಲ್ಲ.

ಡಾಕ್ಟರು ಅಂದಾಜಿನ ಮೇಲೆ ಕೊಟ್ಟ ಔಷಧದಿಂದ ಜೀವ ಉಳಿಯಿತು. ಎಚ್ಚರವಾದವನು ಸುತ್ತ ನಿಂತವರನ್ನು ನೋಡಿ, "ಯಾಕ ಎಲ್ಲಾರೂ ಬರೇ ಬಾಯಿ ಆಡ್ಸಾಕತ್ತೀರಿ? ಮಾತಾಡ್ರಿ" ಎಂದ. ಎರಡೂ ಕಿವಿ ಹೋಗಿದ್ದವು.

ವರ್ಷ ತುಂಬುವುದರೊಳಗೆ ಯಲ್ಲವ್ವನಿಗೂ ಅದೇ ಜ್ವರ, ಅದೇ ಸೆಟೆದ ಕುತ್ತಿಗೆ. ಪ್ಲೇಟಿನ ಮೇಲೆ ಅದೇ ಬೂದು ಚುಕ್ಕೆಗಳು, ಅದೇ ಮಣಿಸರ. ಈ ಸಲ ಒಗೆಯಲಿಲ್ಲ. ಡಾಕ್ಟರಿಗೆ ತೋರಿಸಿದೆ, ಅವರು ಬೆಂಗಳೂರಿನ ದೊಡ್ಡ ಲ್ಯಾಬಿಗೆ ಕಳಿಸಿದರು. ಅಲ್ಲಿಂದ ಬಂದವರು ದುರ್ಗಪ್ಪನ ಹಂದಿಗಳ ಗಂಟಲಿನಿಂದಲೂ ಮಾದರಿ ಒಯ್ದರು.

ಉತ್ತರ ಬರುವ ತನಕ ಓಣಿಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಮುಸುರೆ ಕೊಡುವವರು ಬಾಗಿಲು ಹಾಕಿಕೊಂಡರು. ಸುಳ್ಳೇಕೆ ಹೇಳಲಿ, ಅವನು ಮುಟ್ಟಿದ ಗೇಟನ್ನು ನಾನೂ ಡೆಟಾಲಿನಿಂದ ಒರೆಸಿದೆ. ದಿನಕ್ಕೆ ಹತ್ತು ಸಲ ನನ್ನ ಬೆರಳುಗಳಲ್ಲಿ ಗಾಯ ಹುಡುಕುತ್ತಿದ್ದೆ. ಎಲ್ಲರಿಗಿಂತ ಹೆಚ್ಚು ಹೆದರಿದವನು ದುರ್ಗಪ್ಪನೇ. ಹೆಂಡತಿಯ ಹತ್ತಿರ ಹೋಗದೆ, ಬೇರೆ ಲೋಟ ಇಟ್ಟುಕೊಂಡು ವಾರ್ಡಿನ ಹೊರಗೇ ಕೂತಿರುತ್ತಿದ್ದ. ನನ್ನನ್ನು ಕಂಡಾಗಲೆಲ್ಲ, ತನ್ನ ದನಿ ತನಗೇ ಕೇಳದೆ, ಆಸ್ಪತ್ರೆಗೆಲ್ಲ ಕೇಳುವಂತೆ ಕೂಗುವನು: "ನನ್ನಿಂದ ಬಂತೇನ್ರಿ ಅಕ್ಕಾರ, ಆಕಿಗೆ?"

ಯಲ್ಲವ್ವ ಬದುಕಿದಳು, ಒಂದು ಕಿವಿ ಹೋಯಿತು. ಆಮೇಲೆ ವರದಿ ಬಂತು. ರೋಗಾಣುವಿನ ಜೀನೋಮನ್ನು ಪೂರ್ತಿ ಓದಿ ತಾಳೆ ನೋಡಿದ್ದರು. ಅದು ಹಂದಿಯದೇ ರೋಗಾಣು. ಅವಳಲ್ಲಿ ಸಿಕ್ಕಿದ್ದೂ ಅವರ ಕರಿ ಹೆಣ್ಣುಹಂದಿಯಲ್ಲಿ ಸಿಕ್ಕಿದ್ದೂ ಒಂದೇ ವಂಶದವು. ಗಂಡನ ಮಾದರಿಯನ್ನೂ ಕಳಿಸಿ ಎಂದು ಕೊನೆಗೆ ಕೇಳಿದ್ದರು. ಅದನ್ನು ನಾನು ಆಗಲೇ ಕಸದ ಡ್ರಮ್ಮಿಗೆ ಒಗೆದಿದ್ದೆ. ಆ ಪ್ಲೇಟು ಉಳಿದಿದ್ದರೆ ಯಲ್ಲವ್ವನಿಗೆ ಮೊದಲೇ ಎಚ್ಚರಿಕೆ ಹೇಳಬಹುದಿತ್ತು.

ಅವರ ಮನೆಗೆ ಹೋದೆ. ಹಂದಿಗಳನ್ನು ಮಾರಿ ಯಲಬುರ್ಗಾ ಕಡೆಯ ತಳಕಲ್ಲಿಗೆ ಹೊರಡುವ ತಯಾರಿಯಲ್ಲಿದ್ದರು. ನಾನು ಖಾಲಿ ಹಂದಿಗೂಡನ್ನು ತೋರಿಸಿ, ಯಲ್ಲವ್ವನನ್ನು ತೋರಿಸಿ, ಅವನ ಕಡೆ ಬೆರಳು ಮಾಡಿ 'ನೀನಲ್ಲ' ಎಂದು ಕೈ ಆಡಿಸಿದೆ. ದುರ್ಗಪ್ಪ ಎದ್ದು ಹೋಗಿ ಹೆಂಡತಿಯ ಪಕ್ಕ ಕೂತು, ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಕಣ್ಣೊರೆಸಿಕೊಂಡು ಕೇಳಿದ: "ಮತ್ತ ನಂದು ಯಾವುದರಿಂದ ಬಂತ್ರಿ?"

"ನಿಂದು ನಾ ಒಗದ್ಬಿಟ್ಟೆ, ದುರ್ಗಪ್ಪಣ್ಣ. ತಪ್ಪು ಮಾಡಿದೆ."

ಅವನು ನನ್ನ ತುಟಿಗಳನ್ನೇ ನೋಡಿ, ಹೆಂಡತಿಯ ಕಡೆ ತಿರುಗಿ "ಏನಂದ್ರು?" ಎಂದ.

ಯಲ್ಲವ್ವನಿಗೆ ಒಂದು ಕಿವಿ ಉಳಿದಿತ್ತು. ನನ್ನ ಮಾತು ಅವಳಿಗೆ ಕೇಳಿಸಿತ್ತು. ಆದರೂ ಗಂಡನಿಗೆ, ಗೊತ್ತಿಲ್ಲವಂತೆ ಎಂದು ಕೈ ತಿರುಗಿಸಿ ತೋರಿಸಿದಳು.

"ಇರ್ಲಿ ಬಿಡ್ರಿ ಅಕ್ಕಾರ" ಎಂದ ದುರ್ಗಪ್ಪ, ಕೈ ಮುಗಿಯುತ್ತ. "ಆಕೀದರ ತಿಳೀತಲ್ಲ, ನಿಮ್ಮಿಂದ."