ಬಕೆಟ್ ಮೇಲೆ ಕೂರುವ ಕೋಚ್
ಮಗನನ್ನು ತನ್ನ ಕಾಲೇಜು ತಂಡಕ್ಕೆ ಕರೆಯಲು ಬಂದು, ನಮ್ಮ ಅಡುಗೆಮನೆಯಲ್ಲೇ ಕೂತು, ನನ್ನ ಹೆಂಡತಿ ಮಾಡಿದ ಸೇಬಿನ ಪೈ ತಿನ್ನುತ್ತಾ, ‘ನಿಮ್ಮ ಮಗನ್ನ ಮೊದಲ್ನೇ ವರ್ಷ ಆಡಿಸಲ್ಲ’ ಎಂದ ಕೋಚ್ ಆರ್ವಿಲ್ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅಯೋವಾ ರಾಜ್ಯದ ಮೆಕ್ಕೆಜೋಳದ ಹೊಲಗಳ ನಡುವೆ ಇರುವ ಸಣ್ಣ ಕಾಲೇಜಿನ ಬೇಸ್‌ಬಾಲ್ ತಂಡ ಅವನದು. ಮೈದಾನದ ಹುಲ್ಲು ಕತ್ತರಿಸುವವನು, ಹುಡುಗರ ಬಟ್ಟೆ ಒಗೆಯುವವನು, ಬಸ್ ಓಡಿಸುವವನು ಎಲ್ಲ ಅವನೇ. ಕೂರುವುದು ಮಾತ್ರ ಚೆಂಡಿನ ಬಕೆಟ್ ಬೋರಲು ಹಾಕಿಕೊಂಡು; ಚರ್ಚಿಗೂ ಅದನ್ನೇ ಒಯ್ಯುತ್ತಾನೆಂದು ನನ್ನ ಅನುಮಾನ. ದೊಡ್ಡ ಕಾಲೇಜುಗಳವರು, ಮಗ ಸೇರಿದ ದಿನವೇ ಆಡಿಸುತ್ತೇವೆಂದು ಫೋನಿನಲ್ಲಿ ಜೇನು ಸುರಿಸುತ್ತಿದ್ದರು. ಇವನೋ ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಲೋಟಕ್ಕೆ ಉಗಿಯುತ್ತಾ, ‘ಒಂದ್ ವರ್ಷ ಬರೀ ಕಲೀಲಿ’ ಎನ್ನುತ್ತಿದ್ದ. ಕರೆಯಲು ಬಂದವನೋ ಓಡಿಸಲು ಬಂದವನೋ, ನನಗಂತೂ ತಲೆಬುಡ ತಿಳಿಯಲಿಲ್ಲ. ‘ಆಡಿಸ್ದೆ ಏನ್ರೀ ಕಲಿಸ್ತೀರಾ, ಹುಲ್ಲು ಕೊಯ್ಯೋದಾ?’ ಎಂದು ರೇಗಿದೆ. ‘ಅದನ್ನೂ ಕಲಿಸ್ತೀನಿ, ವೇಡ್. ಮೊದ್ಲು ಅವನ ಮೊಣಕೈ ಡಾಕ್ಟರಿಗೆ ತೋರ್ಸಿ. ಚೆಂಡು ಎಸೆದಾಗೆಲ್ಲ ಬೇಲಿ ಕಡೆ ನೋಡ್ತಾನೆ. ನೀವು ನೋಡ್ತಿಲ್ಲ ಅಂದ್ರೆ ಮಾತ್ರ ಕೈ ಉಜ್ಕೋತಾನೆ.’ ಆ ಬೇಲಿಯ ಹಿಂದೆ ನಿಂತು ‘ಇನ್ನೂ ಜೋರಾಗಿ’ ಎಂದು ಹತ್ತು ವರ್ಷ ಕೂಗಿದವನು ನಾನು. ಆರ್ವಿಲ್‌ಗೆ ಬಾಗಿಲು ತೋರಿಸಿ ಕಳಿಸಿದೆ. ಆಮೇಲೆ ಡಾಕ್ಟರೂ ಮೊಣಕೈ ಸವೆದಿದೆ, ಒಂದು ವರ್ಷ ಆಡಿಸಬೇಡಿ ಎಂದರು; ಮಗ ಆರ್ವಿಲ್‌ನ ಕಾಲೇಜನ್ನೇ ಆರಿಸಿಕೊಂಡ. ಈಗ ಎರಡನೇ ವರ್ಷ, ಆಡುತ್ತಿದ್ದಾನೆ. ಶನಿವಾರ ನಾನು ಹೋದಾಗಲೆಲ್ಲ ಆರ್ವಿಲ್ ನನಗೂ ಒಂದು ಬಕೆಟ್ ಬೋರಲು ಹಾಕುತ್ತಾನೆ. ಅವನಿಗೆ ನನ್ನಿಂದ ಒಂದು ‘ತಪ್ಪಾಯ್ತು’ ಬಾಕಿಯಿದೆ. ಹೇಳಲೆಂದು ಬಾಯಿ ತೆರೆದರೆ, ‘ಹುಲ್ಲು ಉದ್ದ ಆಗಿದೆ’ ಎಂಬ ಮಾತಷ್ಟೇ ಹೊರಬರುತ್ತದೆ.