ನೂರು ವೋಲ್ಟಿನ ಪೆಟ್ಟಿಗೆ

ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ಅಣ್ಣ ಎರಡು ವರ್ಷದ ಮೇಲೆ ಮೊದಲ ಸಲ ರಜೆಯಲ್ಲಿ ಹೊನ್ನಾವರಕ್ಕೆ ಬಂದಾಗ ಅವನ ಜೊತೆ ಎರಡು ಪೆಟ್ಟಿಗೆಗಳೂ ಬಂದವು. ಉದ್ದನೆಯದರಲ್ಲಿ ಗಿಟಾರ್ ಇತ್ತು. ಮಡಿಲಲ್ಲಿ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವಂಥದ್ದು. ಚೌಕನೆಯದು ಅದರ ದನಿಯನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್. ಎರಡನ್ನೂ ಜಪಾನಿನ ಒಂದು ಬಂದರಿನಲ್ಲಿ ಕೊಂಡಿದ್ದ. ನುಡಿಸಲು ಕಲಿಸಿದವನು ಅದೇ ಹಡಗಿನ ಒಬ್ಬ ಗೋವೆಯವನು.

ಅಪ್ಪ ತೀರಿಹೋದ ವರ್ಷವೇ ಅಣ್ಣ ಒಂದು ಚೀಟಿ ಬರೆದಿಟ್ಟು ಮುಂಬಯಿಗೆ ಹೋಗಿ ಹಡಗು ಹತ್ತಿದವನು. ಆಯಿಗೆ ಅದು ಮನಸ್ಸಿನಿಂದ ಹೋಗಿರಲಿಲ್ಲ. ಬಂದ ಮಗನಿಗೆ ಮೀನುಸಾರು ಬಡಿಸಿದಳು, ಹಾಸಿಗೆ ಹಾಸಿದಳು, ಆದರೆ ಮಾತಾಡಲಿಲ್ಲ. ಏನಾದರೂ ಹೇಳುವುದಿದ್ದರೆ ನನ್ನ ಮುಖ ನೋಡಿ ಹೇಳುತ್ತಿದ್ದಳು. ಅಣ್ಣ ನನ್ನ ಹತ್ತಿರ ಮೆಲ್ಲಗೆ ಹೇಳಿದ, ಆಯಿ ಬೀಸುವಾಗ ಹಾಡುತ್ತಿದ್ದ ಹಾಡನ್ನು ಗಿಟಾರಿನಲ್ಲಿ ಕೂಡಿಸಿಕೊಂಡಿದ್ದೇನೆ, ಅವಳಿಗೆ ಕೇಳಿಸಬೇಕು ಎಂದು.

ನನಗಾಗ ಇಪ್ಪತ್ತೊಂದು ವರ್ಷ, ಶಾಲೆಯಲ್ಲಿ ಅಕ್ಕೋರಾಗಿದ್ದೆ. ನಮ್ಮ ಮನೆಗೆ ಕರೆಂಟು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಣ್ಣ ಬಾವಿಕಟ್ಟೆಯಲ್ಲಿ ಮೀಯುತ್ತಿದ್ದಾಗ ನಾನು ತಡೆಯಲಾರದೆ ಪೆಟ್ಟಿಗೆಯ ವಾಯರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿಬಿಟ್ಟೆ. ಹಿಂಬದಿಯ ಗಾಜಿನ ವಾಲ್ವುಗಳು ಒಲೆಯ ಕೆಂಡದ ಹಾಗೆ ಹೊಳೆದವು. ನೋಡಲು ಎಷ್ಟು ಚಂದವಿತ್ತೆಂದರೆ ನಾನು ಕೈ ತೆಗೆಯುವುದನ್ನೇ ಮರೆತೆ. ಜೇನುಗೂಡು ಎದ್ದ ಹಾಗೆ ಒಂದು ಸದ್ದು, ಟಪ್ಪೆಂದಿತು, ಆಮೇಲೆ ಮೇಣ ಸುಟ್ಟ ವಾಸನೆ.

ಅಣ್ಣ ಒದ್ದೆ ತಲೆಯಲ್ಲೇ ಓಡಿಬಂದ. ಬೈಯಲಿಲ್ಲ. ಪೆಟ್ಟಿಗೆ ತಿರುಗಿಸಿ ನೋಡಿದರೆ ಜಪಾನಿ ಅಕ್ಷರಗಳ ನಡುವೆ ನೂರು ಎಂಬ ಅಂಕಿ ಇತ್ತು. ಕೊಳ್ಳುವಾಗ ಅಂಗಡಿಯವನು ಅದನ್ನೇ ಬೆರಳಿಟ್ಟು ತೋರಿಸಿ ತೋರಿಸಿ ತಲೆ ಅಲ್ಲಾಡಿಸಿದ್ದನಂತೆ. ಚೌಕಾಸಿ ಇಲ್ಲ ಎನ್ನುತ್ತಿದ್ದಾನೆಂದು ಅಣ್ಣ ತಿಳಿದಿದ್ದ.

"ನೀನು ಹಾಕದಿದ್ರೆ ನಾನೇ ಹಾಕ್ತಿದ್ದೆ, ತಂಗಿ," ಎಂದ. ಹಾಗೆಂದರೂ ಎರಡು ದಿನ ಅವನು ಗಿಟಾರ್ ಮುಟ್ಟಲಿಲ್ಲ.

ರೇಡಿಯೋ ರಿಪೇರಿಯಲ್ಲಿ ಭಟ್ಕಳದ ಒಬ್ಬ ಸಾಹೇಬರ ಕೈ ಒಳ್ಳೆಯದೆಂದು ಶಾಲೆಯಲ್ಲಿ ಯಾರೋ ಹೇಳಿದರು. ಭಾನುವಾರ ನಾನೇ ಪೆಟ್ಟಿಗೆ ಎತ್ತಿಕೊಂಡು ಹೊರಟೆ. ಆಗ ಶರಾವತಿಗೆ ಸೇತುವೆ ಇರಲಿಲ್ಲ; ದೋಣಿಯಲ್ಲಿ ದಾಟಿ ಆಚೆ ದಡದಲ್ಲಿ ಬಸ್ಸು ಹಿಡಿಯಬೇಕು. ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ಬೆಳಗಿನ ಮಂಜಿನಲ್ಲಿ ಹೊಳೆ ನಡುವಿನ ಮಾವಿನಕುರ್ವೆ ದ್ವೀಪದ ತೆಂಗುಗಳು ನೀರಿಗೂ ಆಕಾಶಕ್ಕೂ ನಡುವೆ ನೇತುಬಿದ್ದಂತಿದ್ದವು. ಅಂಬಿಗ ಜಲ್ಲೆ ಊರಿದಾಗಲೆಲ್ಲ ಪೆಟ್ಟಿಗೆಯೊಳಗೆ ಯಾವುದೋ ಸ್ಪ್ರಿಂಗು ಸಣ್ಣಗೆ ಮಿಡಿಯುತ್ತಿತ್ತು. ಆ ಹೊಳೆ ಮುಗಿಯದಿದ್ದರೇ ಒಳ್ಳೆಯದಿತ್ತು ಅನ್ನಿಸಿತ್ತು; ದಾಟಿದರೆ ಅಲ್ಲವೇ, ಇದು ಸತ್ತಿದೆಯೋ ಬದುಕಿದೆಯೋ ಗೊತ್ತಾಗುವುದು.

ಸಾಹೇಬರು ಬಿಳಿಗಡ್ಡದ ವೃದ್ಧರು, ಕೊಲಂಬೊದಲ್ಲಿ ಬಹಳ ವರ್ಷ ಇದ್ದವರು. ಒಳಗಿನವರ ಜೊತೆ ನವಾಯತಿಯಲ್ಲಿ, ನನ್ನ ಜೊತೆ ಕನ್ನಡದಲ್ಲಿ ಮಾತಾಡುತ್ತ ಪೆಟ್ಟಿಗೆ ಬಿಚ್ಚಿದರು. ಅಲ್ಲಿಯ ಕರೆಂಟು ನೂರು ವೋಲ್ಟು, ನಮ್ಮದು ಇನ್ನೂರ ಮೂವತ್ತು. ಒಂದು ಪಾವು ಹಿಡಿಯುವ ಗಿಂಡಿಗೆ ಎರಡು ಪಾವಿಗೂ ಮಿಕ್ಕಿ ಸುರಿದಂತೆ ಆಗಿದೆ ಎಂದರು. ಫ್ಯೂಸು ತಾನು ಸುಟ್ಟುಕೊಂಡು ಉಳಿದದ್ದನ್ನು ಕಾದಿತ್ತು. ಒಂದು ಕಂಡೆನ್ಸರು ಮಾತ್ರ ಉಬ್ಬಿತ್ತು, ಅದನ್ನು ಬದಲಿಸಿದರು. ವೋಲ್ಟು ಇಳಿಸುವ ಟ್ರಾನ್ಸ್‌ಫಾರ್ಮರ್ ಮುಂಬಯಿಯಿಂದ ಬರಬೇಕು, ತಿಂಗಳುಗಟ್ಟಲೆ ಆಗುತ್ತದೆ. ಅಣ್ಣನ ರಜೆ ಅಷ್ಟು ಉಳಿದಿಲ್ಲ ಎಂದೆ. ಅವರು ಒಂದು ಹಲಗೆಗೆ ಬಲ್ಬಿನ ಹೋಲ್ಡರು ಬಡಿದರು. ಕರೆಂಟು ಮೊದಲು ಬಲ್ಬಿನಲ್ಲಿ ಹಾದು, ಅರ್ಧಕ್ಕೂ ಹೆಚ್ಚು ಬಲವನ್ನು ಅಲ್ಲೇ ಬಿಟ್ಟು ಪೆಟ್ಟಿಗೆಗೆ ಹೋಗುತ್ತದೆ.

"ಹಗಲಿಗೆ ಸಣ್ಣ ಬಲ್ಬು, ಸಂಜೆ ವೋಲ್ಟೇಜು ಬಿದ್ದ ಮೇಲೆ ದೊಡ್ಡದು. ಒದ್ದೆ ಕೈಯಲ್ಲಿ ಮಾತ್ರ ಮುಟ್ಟೂದು ಬೇಡ, ಮಗಳೇ."

ಆ ಸಂಜೆ ಚಾವಡಿಯಲ್ಲಿ ಅಣ್ಣ ಚಾಪೆಯ ಮೇಲೆ ಕುಳಿತು ಗಿಟಾರನ್ನು ಮಡಿಲಿಗೆ ಎಳೆದುಕೊಂಡ. ಆಯಿ ಒಳಗೆ ಕಾಯಿ ತುರಿಯುತ್ತಿದ್ದಳು. ಹಲಗೆಯ ಬಲ್ಬು ಮಂಕಾಗಿ, ಹಣ್ಣಡಿಕೆಯ ಬಣ್ಣದಲ್ಲಿ ಹತ್ತಿತು. ಅಣ್ಣ ಜೋರಾಗಿ ಮೀಟಿದರೆ ಅದು ಒಂದಿಷ್ಟು ಬೆಳಗುತ್ತಿತ್ತು, ಸ್ವರ ಸಣ್ಣದಾಗುತ್ತ ಹೋದರೆ ಮತ್ತೆ ಕೆಂಪಗಾಗುತ್ತಿತ್ತು. ಗೋಡೆಯ ಮೇಲೆ ನಮ್ಮ ನೆರಳುಗಳು ಹಾಡಿನ ಜೊತೆ ಹತ್ತಿರ ಬಂದು ದೂರ ಹೋಗುತ್ತಿದ್ದವು. ಕಡಲಿನ ಗಾಳಿಯೂ ಆ ಉದ್ದನೆಯ ಜಾರುದನಿಯೂ ಒಂದರೊಳಗೊಂದು ಸೇರಿ, ಮನೆಯೇ ಕಟ್ಟು ಬಿಚ್ಚಿಕೊಂಡು ಮೆಲ್ಲಗೆ ಅಳಿವೆಯ ಕಡೆ ತೇಲಿದಂತೆ ನನಗೆ ಭಾಸವಾಯಿತು.

ಕಾಯಿ ತುರಿಯುವ ಸದ್ದು ನಿಂತಿತ್ತು. ಆಯಿ ಬಾಗಿಲಿಗೆ ಒರಗಿ ನಿಂತಿದ್ದಳು.

"ಎರಡನೇ ಸಾಲು ಹಾಂಗಲ್ಲ," ಎಂದಳು, ಅಣ್ಣನನ್ನೇ ನೋಡಿ.

ಅಣ್ಣನ ಕೈ ತಂತಿಯ ಮೇಲೆ ನಿಂತಿತು. "ಮತ್ತೆ ಹ್ಯಾಂಗೆ?"

ಆಯಿ ಹೊಸಿಲ ಮೇಲೆ ಕುಳಿತು ಹಾಡಿ ತೋರಿಸಿದಳು. ಅಪ್ಪ ಹೋದ ಮೇಲೆ ಅವಳು ಹಾಡಿದ್ದನ್ನು ನಾನು ಕೇಳಿರಲಿಲ್ಲ. ದನಿ ಮೊದಲು ಒಡೆಯಿತು, ಆಮೇಲೆ ಸರಿಹೋಯಿತು. ಅಣ್ಣ ಹುಡುಕಿ ಹುಡುಕಿ ಅದರ ಹಿಂದೆ ಹೋದ. ತಪ್ಪಿದಲ್ಲೆಲ್ಲ ಅವಳು ತಡೆದು, "ಇಲ್ಲಿ ಏರಬೇಕು," ಎನ್ನುತ್ತಿದ್ದಳು. ಸಾರಿಗೆ ಮಸಾಲೆ ಅರೆಯುವುದು ಆ ದಿನ ಬಹಳ ತಡವಾಯಿತು.

ರಜೆ ಮುಗಿದು ಅವನು ಹೋದ. ಮಳೆಗಾಲ ಕಳೆದ ಮೇಲೆ ಯಾವುದೋ ದೂರದ ಬಂದರಿನಿಂದ ಕಾಗದ ಬಂತು, ಆಯಿಯ ಹೆಸರಿಗೇ. ಹಾಡಿನ ಮುಂದಿನ ಸಾಲುಗಳು ಬೇಕಂತೆ. ಆಯಿಗೆ ಬರೆಯಲು ಬರುತ್ತಿರಲಿಲ್ಲ. ಅವಳು ಬೀಸುವ ಕಲ್ಲಿನ ಮುಂದೆ ಕುಳಿತು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಎಷ್ಟು ಸಣ್ಣ ಅಕ್ಷರದಲ್ಲಿ ಬರೆದರೂ ಒಂದು ಕಾಗದದಲ್ಲಿ ಅದು ಮುಗಿಯಲಿಲ್ಲ.