ಅತ್ತೆ ತಂದ ಚಿಪ್ಪು

ಉಗುರಿನಗಲದ ಒಂದು ಚೂರಿನೊಳಗೆ ಇಡೀ ಯಂತ್ರದ ಮಿದುಳನ್ನು ಕೂರಿಸಿದ್ದು ಯಾರು ಎಂದು ಕೇಳಿದರೆ ನಮ್ಮ ಮಾವ ಹಿಂದೆಮುಂದೆ ನೋಡದೆ "ನಾನು" ಎನ್ನುತ್ತಾರೆ. ಮಾವ ದರ್ಜಿ. ಕೋಟು ಪ್ಯಾಂಟು ಹೊಲಿದೂ ಹೊಲಿದೂ ಬೆರಳ ತುದಿ ಗಟ್ಟಿಯಾದ ಮನುಷ್ಯ. ಬಲ್ಬು ಸುಟ್ಟುಹೋದರೆ ಬದಲಾಯಿಸಲು ಅತ್ತೆಯನ್ನೇ ಕರೆಯುತ್ತಾರೆ. ಆದರೂ ಈ ವಿಷಯದಲ್ಲಿ ಪಟ್ಟು ಸಡಿಲಿಸಿದವರಲ್ಲ. ಅತ್ತೆ ಎದುರಿಗೇ ಕೂತು ಕೇಳಿಸಿಕೊಳ್ಳುತ್ತಾರೆ. ಅಲ್ಲ ಎನ್ನುವುದಿಲ್ಲ, ಹೌದು ಎನ್ನುವುದೂ ಇಲ್ಲ.

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಇದೆಲ್ಲ ಶುರುವಾದಾಗ ನಾನಿನ್ನೂ ಹುಟ್ಟಿರಲಿಲ್ಲ. ಅತ್ತೆ, ಮಾವ, ಮಾವನ ತಾಯಿಯಾದ ಅಜ್ಜಿ, ಹೀಗೆ ಮೂರು ಬಾಯಿಂದ ಮೂರು ಥರ ಕೇಳಿದ್ದೇನೆ. ಮೂವರೂ ಒಪ್ಪುವ ಭಾಗವನ್ನಷ್ಟೇ ಬರೆಯುತ್ತಿದ್ದೇನೆ.

ಲೆಕ್ಕ ಮಾಡುವ ಯಂತ್ರಗಳ ಕಂಪನಿಯೊಂದರಲ್ಲಿ ಅತ್ತೆ ಸರ್ಕ್ಯೂಟ್ ವಿನ್ಯಾಸ ಮಾಡುತ್ತಿದ್ದರು. ಆಗಿನ ಲೆಕ್ಕದ ಯಂತ್ರವೆಂದರೆ ಅಂಗೈಯಲ್ಲಿ ಹಿಡಿಯುವಂಥದ್ದಲ್ಲ; ಟೈಪ್‌ರೈಟರಿನಷ್ಟು ದೊಡ್ಡದು, ಹೊಟ್ಟೆಯ ತುಂಬ ಸರ್ಕ್ಯೂಟ್ ಹಲಗೆಗಳು. ತೂಕದ ಯಂತ್ರ ಬೇಕೆಂದು ಒಬ್ಬ ಗಿರಾಕಿ ಬಂದರೆ ಅದಕ್ಕೊಂದು ಜೊತೆ ಚಿಪ್, ಬಸ್ ಟಿಕೆಟ್ ಯಂತ್ರಕ್ಕೆ ಇನ್ನೊಂದು ಜೊತೆ. ಒಂದೊಂದನ್ನೂ ಮೊದಲಿನಿಂದ ಎಳೆದು ಮುಗಿಸಲು ಹತ್ತಿರ ಹತ್ತಿರ ಒಂದು ವರ್ಷ. ಇಲಾಖೆಯಲ್ಲಿ ಇದ್ದವರು ನಾಲ್ಕೇ ಜನ. ಅವರಲ್ಲಿ ಒಬ್ಬರಿಗೆ ಸದಾ ನೆಗಡಿ.

ಅತ್ತೆಗೆ ಮಾಡಿದ ಕೆಲಸವನ್ನೇ ಮತ್ತೆ ಮಾಡುವುದೆಂದರೆ ಮೈಯೆಲ್ಲ ಉರಿ. ಅಂಥವರ ಮುಂದೆ ಒಂದು ಬೆಳಿಗ್ಗೆ ಮ್ಯಾನೇಜರು ಹನ್ನೆರಡು ಆರ್ಡರುಗಳ ಪಟ್ಟಿ ತಂದಿಟ್ಟರು. ಮ್ಯಾನೇಜರು ದಪ್ಪಗಿನ, ನಗುಮುಖದ ಮನುಷ್ಯ. ಕೆಟ್ಟ ಸುದ್ದಿಯನ್ನು ತಂದಾಗ ಇನ್ನೂ ಜಾಸ್ತಿ ನಗುತ್ತಿದ್ದರು. ಅಂದು ಹಲ್ಲೆಲ್ಲ ಕಾಣುತ್ತಿತ್ತಂತೆ.

"ಹನ್ನೆರಡು ಯಂತ್ರ. ಎಲ್ಲ ಬೇರೆ ಬೇರೆ. ಮುಂದಿನ ವರ್ಷಕ್ಕೆ ಬೇಕು."

"ನಾವು ನಾಲ್ಕು ಜನ ಇದೀವಿ ಸರ್."

"ಅದಕ್ಕೇ ಬೆಳಿಗ್ಗೆನೇ ಹೇಳ್ತಾ ಇದೀನಿ," ಎಂದು ಹೊರಟುಹೋದರು.

ಆವತ್ತು ಸಂಜೆ ಅತ್ತೆ ತಲೆ ಕೆಟ್ಟು ಮನೆಗೆ ಬಂದರು. ಮನೆಯ ಮುಂದಿನ ಕೋಣೆಯೇ ಮಾವನ ಅಂಗಡಿ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯಲ್ಲೊಂದು ಕೊಕ್ಕೆ, ಕೊಕ್ಕೆಗೆ ಚುಚ್ಚಿದ ಅಳತೆ ಚೀಟಿಗಳು. ಅತ್ತೆ ಬೂಟು ಕೂಡ ಬಿಚ್ಚದೆ ಸ್ಟೂಲಿನ ಮೇಲೆ ಕುಸಿದು ಸುಮ್ಮನೆ ನೋಡುತ್ತಿದ್ದರು. ಮಾವ ಒಂದು ಚೀಟಿ ತೆಗೆದು, ಓದಿ, ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಕತ್ತರಿಸಿ ಬದಿಗಿಟ್ಟರು. ಮುಂದಿನ ಚೀಟಿ ತೆಗೆದರು. ಮೊದಲನೆಯದು ಕೋಟು, ಎರಡನೆಯದು ಪ್ಯಾಂಟು.

"ರೀ, ಕೋಟಿಗೊಬ್ಬ, ಪ್ಯಾಂಟಿಗೊಬ್ಬ ಅಂತ ದರ್ಜಿಗಳನ್ನ ಇಟ್ಕೊಂಡ್ರೆ ಹೇಗಿರುತ್ತೆ?"

ಮಾವ ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದರು. "ನಿನಗೇನು ಹುಚ್ಚಾ? ಚೀಟಿ ಬೇರೆ ಆದ್ರೆ ಸಾಲದಾ? ದರ್ಜಿ ಯಾಕೆ ಬೇರೆ ಆಗ್ಬೇಕು?"

ಅತ್ತೆ ಎದ್ದು ನಿಂತರು. ಹನ್ನೆರಡು ಯಂತ್ರಗಳೂ ಮಾಡುವುದು ಒಂದೇ: ಅಂಕಿ ತಗೊಳ್ಳುವುದು, ಇಟ್ಟುಕೊಳ್ಳುವುದು, ಕೂಡುವುದು, ಕಳೆಯುವುದು, ಹೊರಗೆ ಕೊಡುವುದು. ಯಾವುದಾದ ಮೇಲೆ ಯಾವುದು ಎಂಬ ಕ್ರಮ ಮಾತ್ರ ಬೇರೆ. ಆ ಕ್ರಮವನ್ನು ಚೀಟಿಯ ಹಾಗೆ ಬೇರೆ ಕಡೆ ಬರೆದಿಟ್ಟರೆ, ಓದಿ ಓದಿ ಮಾಡಲು ಒಂದೇ ಚಿಪ್ ಸಾಕು. ಅವತ್ತಿನಿಂದ ಮಾವ ಅದರ ಜನಕ. ಅಂಗಡಿಗೆ ಬಂದ ಗಿರಾಕಿಗಳ ಪಕ್ಕೆ ಅಳೆಯುತ್ತಲೇ ಅವರಿಗೆ ಅದನ್ನು ಹೇಳಲು ಶುರುಮಾಡಿದರು. ಟೇಪು ಸುತ್ತಿರುವಾಗ ಯಾರೂ ಎದ್ದುಹೋಗುವಂತಿರಲಿಲ್ಲ.

ಮ್ಯಾನೇಜರು ಅತ್ತೆಯ ಮಾತನ್ನು ಪೂರ್ತಿ ಕೇಳಿ, "ಚೆನ್ನಾಗಿದೆ. ಉಳಿದ ಕೆಲಸ ಮುಗಿಸಿ ಬಿಡುವಿನಲ್ಲಿ ಮಾಡಿ," ಎಂದರು. ಬೇಡ ಎನ್ನುವುದನ್ನು ಅವರು ಹಾಗೆಯೇ ಹೇಳುತ್ತಿದ್ದರು. ಅತ್ತೆ ಅದನ್ನು ಬೇಕು ಎಂದೇ ತಿಳಿದುಕೊಂಡರು. ಕೇಳಿಸಿಕೊಳ್ಳುವುದರಲ್ಲಿ ಅವರಿಗೆ ಅಂಥ ಜಾಣತನವಿತ್ತು.

ವಿನ್ಯಾಸವನ್ನು ಕಾಗದದ ಮೇಲೆ ಮಾಡಲು ಏಳು ತಿಂಗಳಾಯಿತು. ಆಮೇಲಿನದು ಕತ್ತರಿಯ ಕೆಲಸ. ಆಗ ಚಿಪ್ಪಿನ ನಕ್ಷೆಯನ್ನು ಐನೂರು ಪಟ್ಟು ದೊಡ್ಡದಾಗಿ ಎಳೆದು, ಆಮೇಲೆ ಫೋಟೊ ತೆಗೆದು ತೆಗೆದು ಚಿಕ್ಕದು ಮಾಡುತ್ತಿದ್ದರು. ನಕ್ಷೆಗೆ ಬೇಕಾದದ್ದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ತೆಳ್ಳಗೆ ಕೆಂಪು ಪೊರೆ. ಗೆರೆಗೆ ಸರಿಯಾಗಿ ಪೊರೆಯನ್ನು ಮಾತ್ರ ಬ್ಲೇಡಿನಿಂದ ಕೊಯ್ದು, ಬೇಡದ ಕೆಂಪನ್ನು ಸುಲಿದು ತೆಗೆಯಬೇಕು. ಅತ್ತೆಯ ಚಿಪ್ಪಿಗೆ ಒಂದರ ಮೇಲೊಂದು ಕೂರುವ ಆರು ಪದರ, ಆರು ಹಾಳೆ, ಒಂದೊಂದೂ ಹಾಸಿಗೆಯಷ್ಟಗಲ. ಆಫೀಸಿನ ದೊಡ್ಡ ಮೇಜು ಬಿಡುವಿನ ಕೆಲಸಕ್ಕೆ ಸಿಗಲಿಲ್ಲ.

"ನನ್ನ ಮೇಜಿದೆಯಲ್ಲ," ಎಂದರು ಮಾವ.

ಹೀಗೆ ಗಿರಾಕಿಗಳ ಬಟ್ಟೆಗಳು ಮಂಚಕ್ಕೆ ಹೋದವು, ಮಂಚದ ಮೇಲಿದ್ದವರು ನೆಲಕ್ಕೆ ಬಂದರು. ಅತ್ತೆಯ ಕೈ ಚುರುಕು, ಆದರೆ ನಡುಗುತ್ತಿತ್ತು. ಮಾವ ಎರಡು ದಿನ ನೋಡಿ, ಬ್ಲೇಡು ಕಸಿದುಕೊಂಡು, "ನೀನು ಗೆರೆ ತೋರಿಸು ಸಾಕು," ಎಂದರು. ಪೊರೆ ಮಾತ್ರ ಕೊಯ್ದು ಕೆಳಗಿನದಕ್ಕೆ ಗೀರೂ ಬೀಳದ ಹಾಗೆ ಬ್ಲೇಡು ಓಡಿಸುವುದು, ಕೋಟಿನ ಮೇಲ್ಬಟ್ಟೆಗೆ ತಾಕದ ಹಾಗೆ ಒಳಗಿನ ಅಸ್ತರು ಬಿಚ್ಚಿ ರೂಢಿಯಿದ್ದವರಿಗೆ ಕಷ್ಟವೇನಲ್ಲ. ಮೂರು ತಿಂಗಳು, ಪ್ರತಿ ಭಾನುವಾರ, ಗಂಡ ಕೊಯ್ದ, ಹೆಂಡತಿ ಸುಲಿದಳು. ಕೆಂಪು ಚೂರುಗಳು ಮನೆಯೆಲ್ಲ ಹಾರಾಡಿದವು. ಚಹಾದ ಲೋಟದಲ್ಲಿ, ಬಾಚಣಿಗೆಯಲ್ಲಿ, ಅಜ್ಜಿಯ ಕನ್ನಡಕದ ಮೇಲೆ. ವಕೀಲರೊಬ್ಬರು ಹೊಸ ಪ್ಯಾಂಟಿನ ಜೇಬಿನಿಂದ ಕೆಂಪು ಚೌಕಗಳನ್ನು ತೆಗೆದು ತೋರಿಸಿ ಇದೇನೆಂದು ಕೇಳಿದರು.

"ಅದು ಕಳೆಯುವ ಭಾಗ ಸರ್," ಎಂದರಂತೆ ಮಾವ. "ಕೂಡುವ ಭಾಗ ಇನ್ನೂ ಮೇಜಿನ ಮೇಲಿದೆ."

ಕೊನೆಯ ಭಾನುವಾರ ಹಾಳೆಗಳನ್ನೆಲ್ಲ ನೆಲದ ಮೇಲೆ ಹಾಸಿ ಒಂದಕ್ಕೊಂದು ತಾಳೆ ನೋಡಿದರು. ಅಂಗಡಿಯಿಂದ ಅಡುಗೆಮನೆಯವರೆಗೆ ಕಾಲಿಡಲು ಜಾಗವಿಲ್ಲ. ಸೋಮವಾರ ಹಾಳೆಗಳು ಫೋಟೊಗೆ ಹೋದವು. ಹತ್ತು ವಾರಗಳ ನಂತರ ಕಾರ್ಖಾನೆಯಿಂದ ಸಣ್ಣ ಡಬ್ಬಿಯಲ್ಲಿ ಇಪ್ಪತ್ತು ಚಿಪ್‌ಗಳು ಬಂದವು.

ಅತ್ತೆ ತಂತಿ ಸಿಕ್ಕಿಸಿ ಎರಡು ಮತ್ತು ಮೂರು ಕೊಟ್ಟರು. ಐದು ಬಂತು. ಇಲಾಖೆಯ ನಾಲ್ವರೂ ಕೈಕುಲುಕಿದರು. ನೆಗಡಿಯವರು ಮೂಗು ಒರೆಸಿಕೊಂಡು ಕುಲುಕಿದರು. ಏಳು ಮತ್ತು ಒಂಬತ್ತು ಕೊಟ್ಟರು. ಆರು ಬಂತು. ಎಂಟು ಮತ್ತು ಎಂಟು ಕೊಟ್ಟರು. ಮತ್ತೆ ಆರು. ಇಪ್ಪತ್ತು ಚಿಪ್‌ಗಳೂ ಒಂದೇ ಮಾತು ಹೇಳಿದವು. ಹತ್ತರೊಳಗೆ ಎಲ್ಲ ಸರಿ. ಹತ್ತು ದಾಟಿದರೆ ದಶಕ ಮಾಯ.

ಮ್ಯಾನೇಜರು ನಕ್ಕರು. "ಹತ್ತರ ಮೇಲೆ ತೂಗದೇ ಇರೋ ಗಿರಾಕಿ ಯಾರಾದ್ರೂ ಇದ್ದಾರಾ, ವಿಚಾರಿಸ್ತೀನಿ."

ಅತ್ತೆ ಒಂದು ಚಿಪ್ಪನ್ನು ಕೈಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದರು. ಅಜ್ಜಿ ಬಾಗಿಲಲ್ಲೇ ಕಾದಿದ್ದಳು.

"ಏನಮ್ಮಾ, ಆಯ್ತಾ? ಏನು ಕೊಟ್ರು?"

"ಚಿಪ್ಪು."

ಅಜ್ಜಿಯ ಮುಖ ಬಾಡಿತು. ಮಗನನ್ನು ಕರೆದು ಹೇಳಿದಳು, "ನೋಡೋ, ವರ್ಷಗಟ್ಟಲೆ ದುಡಿಸ್ಕೊಂಡು ಹುಡುಗಿ ಕೈಗೆ ಚಿಪ್ಪು ಕೊಟ್ಟು ಕಳಿಸಿದಾರೆ. ನೀನು ಹೋಗಿ ಕೇಳೋದಿಲ್ವಾ?"

"ಕೆಲಸ ಮಾಡೋ ಚಿಪ್ ಅಮ್ಮ ಅದು," ಎಂದರು ಮಾವ.

"ಮಾಡ್ತಾ ಇಲ್ಲ," ಎಂದರು ಅತ್ತೆ. "ಕೂಡೋವಾಗ ಕೈಯಲ್ಲಿ ಒಂದು ಇಟ್ಕೊಳ್ಳೋದನ್ನ ಮರೀತಾ ಇದೆ."

"ಅದು ಎರಡನೇ ತರಗತಿ ಲೆಕ್ಕ," ಎಂದಳು ಅಜ್ಜಿ. "ನಾನು ಹೇಳಿಕೊಡ್ತಿದ್ನಲ್ಲ."

ಅತ್ತೆಗೆ ಅಳು ಬಂತು, ನಗು ಬಂತು. ಎರಡನ್ನೂ ಬದಿಗಿಟ್ಟು ಮಾರನೆಯ ದಿನದಿಂದ ಸೂಕ್ಷ್ಮದರ್ಶಕದ ಮುಂದೆ ಕೂತರು. ಆರು ದಿನ ಒಂದೊಂದು ಗೆರೆಯನ್ನೂ ನೋಡಿದರು. ಕಣ್ಣಿನ ಸುತ್ತ ಉಂಗುರದ ಗುರುತು ಬಿದ್ದಿತ್ತು. ಏಳನೆಯ ದಿನ ದಶಕ ದಾಟಿಸುವ ಜಾಗದಲ್ಲಿ ಇರಬೇಕಾದ ಒಂದು ಚುಕ್ಕೆ ಇರಲಿಲ್ಲ. ಮೂಲ ಹಾಳೆ ತೆಗೆಸಿ ನೋಡಿದರು. ಅಲ್ಲೂ ಇಲ್ಲ. ಅಕ್ಕಿಕಾಳಿನಷ್ಟು ಕೆಂಪು ಚೂರು ಎದ್ದುಹೋಗಿ ಅಂಟಿನ ಕಲೆ ಮಾತ್ರ ಉಳಿದಿತ್ತು.

ವಿಷಯ ತಿಳಿದದ್ದೇ ಮಾವನಿಗೆ ಪ್ರಾಣಸಂಕಟ. ಕೊಯ್ದವರು ಅವರು. ತನ್ನ ಕೈತಪ್ಪಲ್ಲ ಎಂದು ತೋರಿಸಬೇಕಿತ್ತು. ಮೇಜಿನ ಕೆಳಗೆ ತೆವಳಿದರು, ಹೊಲಿಗೆ ಯಂತ್ರದ ಪಾದ ಬಿಚ್ಚಿದರು, ಕೊನೆಗೆ ಮನೆಯಲ್ಲಿದ್ದ ಚಪ್ಪಲಿಗಳನ್ನೆಲ್ಲ ಮಗುಚಿ ಸಾಲಾಗಿ ಇಟ್ಟರು. ಅಜ್ಜಿಯ ಎಡಗಾಲಿನ ಚಪ್ಪಲಿಯ ಹಿಮ್ಮಡಿಯಲ್ಲಿ, ಕೊಳೆ ಕೆರೆದರೆ, ಅಕ್ಕಿಕಾಳಿನಷ್ಟು ಕೆಂಪು.

"ಅಮ್ಮಾ, ಆ ಭಾನುವಾರ ಹಾಳೆ ಮೇಲೆ ಓಡಾಡಿದ್ಯಾ?"

"ಹಾಲಿನವನು ಬಾಗಿಲು ಬಡೀತಿದ್ದ. ನೀವಿಬ್ಬರೂ ಕೂತಲ್ಲಿಂದ ಏಳಲಿಲ್ಲ. ನಾನೇನು ಹಾರಿಕೊಂಡು ಹೋಗಲಾ?" ಅಜ್ಜಿ ಚಪ್ಪಲಿ ಕಸಿದುಕೊಂಡಳು. "ಒಂದು ಕಾಲಷ್ಟೇ ಇಟ್ಟೆ. ಅಷ್ಟಕ್ಕೇ ಲೆಕ್ಕ ಮರೆಯೋದಾದ್ರೆ ಅದು ಎಂಥ ಮಿದುಳು?"

ಅತ್ತೆ ಆ ಪ್ರಶ್ನೆಯನ್ನು ಗಂಭೀರವಾಗಿಯೇ ತೆಗೆದುಕೊಂಡರು. ಹೊಸ ಹಾಳೆಯನ್ನು ಕಳಿಸುವ ಮುಂಚೆ ಪ್ರತಿ ಚೂರನ್ನೂ ಇಬ್ಬರು ಬೇರೆ ಬೇರೆಯಾಗಿ ಎಣಿಸಬೇಕೆಂದು ನಿಯಮ ಮಾಡಿದರು. ಒಬ್ಬರು ನೆಗಡಿಯವರು, ಇನ್ನೊಬ್ಬರು, ಸಂಬಳವಿಲ್ಲದೆ, ಅಜ್ಜಿ. ಅವಳ ಎಣಿಕೆ ಒಂದು ಸಲವೂ ತಪ್ಪಲಿಲ್ಲ. ನೆಗಡಿಯವರದು ಎರಡು ಸಲ ತಪ್ಪಿತು.

ಎರಡನೆಯ ಸಲ ಬಂದ ಚಿಪ್ ಏಳಕ್ಕೆ ಒಂಬತ್ತು ಕೂಡಿಸಿ ಹದಿನಾರು ಎಂದಿತು. ತೂಕದ ಯಂತ್ರದವರನ್ನೂ ಬಸ್ ಟಿಕೆಟಿನವರನ್ನೂ ಒಂದೇ ಕೋಣೆಗೆ ಕರೆಸಿದರು. ಮ್ಯಾನೇಜರು ತಾವೇ ತಕ್ಕಡಿಯ ಮೇಲೆ ನಿಂತರು. ಎಲ್ಲರೂ ಓದುವ ಹಾಗೆ ಅವರ ತೂಕ ದೊಡ್ಡ ಅಂಕಿಗಳಲ್ಲಿ ಬೆಳಗಿತು. ಆಗ ಮಾತ್ರ ಅವರು ನಗಲಿಲ್ಲ. ಅತ್ತೆ ಕ್ರಮ ಬರೆದಿದ್ದ ಪುಟ್ಟ ಬಿಲ್ಲೆಯನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸಿದರು. ಅದೇ ಹಲಗೆ, ಅದೇ ಚಿಪ್, ಈಗ ಟಿಕೆಟು ಮುದ್ರಿಸಿತು. ಟಿಕೆಟಿನವರು ಬಗ್ಗಿ ಮೇಜಿನ ಕೆಳಗೆ ನೋಡಿದರು.

"ಎರಡನೇ ಯಂತ್ರ ಎಲ್ಲಿಟ್ಟಿದೀರಿ?"

"ಇಲ್ಲ," ಎಂದರು ಅತ್ತೆ. "ಚೀಟಿ ಬದಲಾಯ್ತು, ಅಷ್ಟೇ."

ಮ್ಯಾನೇಜರು ಹೇಳಿದ್ದ ಗಡುವು ದಾಟಿತ್ತು ನಿಜ, ಆದರೆ ಅಲ್ಲಿಂದ ಮುಂದೆ ಹನ್ನೆರಡು ಆರ್ಡರು ಹನ್ನೊಂದೇ ತಿಂಗಳಲ್ಲಿ ಮುಗಿದವು. ಪತ್ರಿಕೆಯಲ್ಲಿ ಮ್ಯಾನೇಜರ ಫೋಟೊ ಬಂತು. ಪಕ್ಕದಲ್ಲಿ ಒಂದು ಮೊಣಕೈ ಕಾಣುತ್ತದೆ, ಅದು ಅತ್ತೆಯದು. ಅದೇ ಕಾಲಕ್ಕೆ ಬೇರೆ ದೇಶಗಳಲ್ಲಿ ಯಾರ್ಯಾರು ಅದೇ ಕೆಲಸದಲ್ಲಿ ಮುಳುಗಿದ್ದರೋ ನಮ್ಮ ಮನೆಯವರಿಗೆ ತಿಳಿಯದು. ಪೇಟೆಂಟು ಕಂಪನಿಯ ಪಾಲಾಯಿತು. ಅತ್ತೆಗೆ ಬಡ್ತಿ ಸಿಕ್ಕಿತು, ಆಫೀಸಿನ ದೊಡ್ಡ ಮೇಜು ಸಿಕ್ಕಿತು. ಅದರ ಮೇಲೆ ಇನ್ನೂ ಒಂಬತ್ತು ಚಿಪ್‌ಗಳು ಹುಟ್ಟಿದವು. ಬೇಜಾರಾಗಲಿಲ್ಲವೇ ಎಂದು ನಾನೊಮ್ಮೆ ಕೇಳಿದೆ. "ಆಯ್ತು," ಎಂದರು. "ಎರಡು ವರ್ಷ ಮ್ಯಾನೇಜರ ಜೊತೆ ಮಾತಾಡಲಿಲ್ಲ. ಅವರಿಗೆ ಗೊತ್ತಾಗ್ಲೇ ಇಲ್ಲ. ಆಮೇಲೆ ಬಿಟ್ಟೆ."

ಮೂವತ್ತು ವರ್ಷಗಳ ಮೇಲೆ ಎಂಜಿನಿಯರುಗಳ ಸಂಘವೊಂದು ಹಳೆಯ ಕಾಗದಗಳನ್ನು ಕೆದಕಿ, ಆ ಚಿಪ್ ಮಾಡಿದವರನ್ನು ಸನ್ಮಾನಿಸಲು ಹೊರಟಿತು. ಕಾಗದಗಳಲ್ಲಿ ಇದ್ದದ್ದು ಹೆಸರಿನ ಮೊದಲಕ್ಷರ, ಮನೆತನದ ಹೆಸರು. ಗಂಡ ಹೆಂಡತಿ ಇಬ್ಬರದೂ ಒಂದೇ ಮೊದಲಕ್ಷರ. ಆಹ್ವಾನ ಪತ್ರ 'ಶ್ರೀಯುತ'ರಿಗೆ ಬಂತು.

ಮಾವ ಓದಿ ಕನ್ನಡಕ ತೆಗೆದರು. "ಅಂತೂ ಇವರಿಗೆ ಅರ್ಥವಾಯ್ತು."

"ಬರೆದು ತಿಳಿಸೋಣ," ಎಂದೆ ನಾನು.

"ಬೇಡ," ಎಂದರು ಅತ್ತೆ. "ಹೋಗಿ ನೋಡೋಣ." ಅವರ ಕಣ್ಣಿನಲ್ಲಿ ಏನೋ ಕಿಡಿಗೇಡಿತನ ಕಂಡಿತು.

ಮಾವ ಹೊಸ ಕೋಟು ಹೊಲಿದುಕೊಂಡರು. ಸಭಾಂಗಣದಲ್ಲಿ ಅವರ ಎದೆಗೆ ಬಿಲ್ಲೆ ಚುಚ್ಚಿ ವೇದಿಕೆಗೆ ಕರೆದೊಯ್ದರು. ಅತ್ತೆಯನ್ನೂ ನನ್ನನ್ನೂ ಮೂರನೆಯ ಸಾಲಿನಲ್ಲಿ, ಕುಟುಂಬದವರು ಎಂಬ ಚೀಟಿ ಅಂಟಿಸಿದ್ದ ಕುರ್ಚಿಗಳಲ್ಲಿ ಕೂರಿಸಿದರು. ಅಧ್ಯಕ್ಷರು ಬಹಳ ಹೊತ್ತು ಹೊಗಳಿದರು. ಆಮೇಲೆ ಮೈಕು ಮಾವನ ಕಡೆ ತಿರುಗಿಸಿ, "ಸರ್, ಆ ಕೆಲಸದಲ್ಲಿ ನಿಮಗೆ ಎದುರಾದ ಅತಿದೊಡ್ಡ ಕಷ್ಟ ಯಾವುದು?" ಎಂದು ಕೇಳಿದರು.

"ನಮ್ಮಮ್ಮನ ಚಪ್ಪಲಿ," ಎಂದರು ಮಾವ.

ಸಭೆ ವಿನಯದಿಂದ ಕಾಯಿತು. ಮಾವ ಎದ್ದರು. "ನೋಡಿ, ನಾನು ದರ್ಜಿ. ಐಡಿಯಾ ನನ್ನದು, ಅದರಲ್ಲಿ ಅನುಮಾನ ಬೇಡ. ಆದ್ರೆ ಅದರ ಒಳಗೆ ಏನೇನಿದೆ ಅಂತ ನೀವು ಮುಂದಿನ ಪ್ರಶ್ನೆ ಕೇಳಿದ್ರೆ ನನ್ನ ಮರ್ಯಾದೆ ಹೋಗುತ್ತೆ. ಮಾಡಿದವಳು ಅಗೋ, ಮೂರನೇ ಸಾಲಲ್ಲಿ ನಗು ತಡ್ಕೊಂಡು ಕೂತಿದಾಳೆ." ಬಿಲ್ಲೆ ಬಿಚ್ಚಿ ಅಧ್ಯಕ್ಷರ ಕೈಗೆ ಕೊಟ್ಟು, ಮೈಕು ಪಕ್ಕದಲ್ಲಿದೆ ಎಂಬುದನ್ನು ಮರೆತು, "ನಿಮ್ಮ ಕೋಟಿನ ಎಡಭುಜ ಅರ್ಧ ಇಂಚು ಇಳಿದಿದೆ, ಅಂಗಡಿ ಕಡೆ ಬನ್ನಿ," ಎಂದರು.

ಅತ್ತೆ ವೇದಿಕೆ ಹತ್ತಿದರು. ಭಾಷಣ ಬರೆದುಕೊಂಡಿರಲಿಲ್ಲ. ನಾಲ್ಕು ನಿಮಿಷ ಮಾತಾಡಿದರು; ಅದರಲ್ಲಿ ಮೂರು ನಿಮಿಷ ಹಾಳೆಯನ್ನು ಹೇಗೆ ತಾಳೆ ನೋಡಬೇಕೆಂಬುದರ ಬಗ್ಗೆ. ಮುಂದಿನ ಸಾಲಿನ ಎಳೆಯ ಎಂಜಿನಿಯರ್ ಹುಡುಗಿಯರು ಬರೆದುಕೊಳ್ಳುತ್ತಿದ್ದರು. ಅತ್ತೆ ಇಳಿದು ಬಂದು ಪಕ್ಕದಲ್ಲಿ ಕೂತರು. ನನ್ನ ಕೈ ಹಿಡಿದು, "ನಿಮ್ಮ ಮಾವ ಇನ್ನೊಂದು ಸ್ವಲ್ಪ ಹೊತ್ತು ಎಳೀತಾರೆ ಅಂದ್ಕೊಂಡಿದ್ದೆ," ಎಂದರು.

ಅತ್ತೆ ಅರವತ್ತೆರಡರವರೆಗೆ ಕೆಲಸ ಮಾಡಿದರು. ಅವರ ಕೊನೆಯ ಚಿಪ್ ಕಿವಿ ಕೇಳದವರು ಹಾಕಿಕೊಳ್ಳುವ ಯಂತ್ರದ್ದು. ಈಗ ಮಾವನ ಕಿವಿ ಮಂದವಾಗಿದೆ. ಅವರ ಕಿವಿಯಲ್ಲಿ ಇರುವುದೂ ಅದೇ. ಬೇಡದ ಮಾತು ಶುರುವಾದರೆ ಮಾವ ಮೆಲ್ಲಗೆ ಬೆರಳಿಟ್ಟು ಅದನ್ನು ಆರಿಸುತ್ತಾರೆ, ಕತ್ತು ಮಾತ್ರ ಆಡಿಸುತ್ತಿರುತ್ತಾರೆ. ಆರಿಸಿದಾಗ ಹೊರಗೆ ಒಂದು ಸಣ್ಣ ದೀಪ ಹೊತ್ತಿಕೊಳ್ಳುವ ಹಾಗೆ ಅತ್ತೆ ಅದನ್ನು ಮಾಡಿದ್ದಾರೆಂದು ಅವರಿಗೆ ಇನ್ನೂ ಯಾರೂ ಹೇಳಿಲ್ಲ.